ಹೊಗೆಕಣ ತಡೆಯುವ ಹುಡ್: 14 ತಿಂಗಳು ಬಳಸಿದ ಮೇಲೆ ನನ್ನ ಅನುಭವ

ನಾನು ಅಗ್ನಿಶಾಮಕ ಕೆಲಸಕ್ಕೆ ಸೇರಿ 22 ವರ್ಷವಾಯಿತು. ಅದರಲ್ಲಿ ಹೆಚ್ಚು ಕಡಿಮೆ 21 ವರ್ಷ ಹಾಕಿದ್ದು ಹಳೆಯ ಹೆಣಿಗೆಯ ಹುಡ್. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹೆಲ್ಮೆಟ್ ಕೆಳಗೆ, ಕೋಟಿನ ಕಾಲರ್ ಒಳಗೆ ಕೂರುವ ಮೆತ್ತನೆಯ ಮುಸುಕು ಇದು. ತಲೆ, ಕಿವಿ, ಕತ್ತು ಮುಚ್ಚುತ್ತದೆ. ಮುಖಕ್ಕೆ ಬಿಎ ಸೆಟ್‌ನ (ಬೆನ್ನ ಮೇಲಿನ ಸಿಲಿಂಡರ್‌ನಿಂದ ಉಸಿರಾಟಕ್ಕೆ ಗಾಳಿ ಕೊಡುವ ಸಾಧನ) ಮಾಸ್ಕ್ ಇರುತ್ತದೆ, ಮೈಗೆ ದಪ್ಪ ಕೋಟು ಇರುತ್ತದೆ. ಎರಡರ ನಡುವೆ ಉಳಿಯುವ ಕತ್ತಿಗೆ ಈ ಒಂದು ಬಟ್ಟೆಯೇ ಗತಿ. ಹಳೆಯ ಹುಡ್ ಶಾಖ ತಡೆಯುತ್ತಿತ್ತು, ಹೊಗೆ ತಡೆಯುತ್ತಿರಲಿಲ್ಲ. ಪ್ರತಿ ಬೆಂಕಿಯ ನಂತರ ಕಿವಿಯ ಹಿಂದೆ, ದವಡೆಯ ಕೆಳಗೆ ಮಸಿ. ಸ್ನಾನ ಮಾಡಿ ಮಲಗಿದರೂ ಬೆಳಿಗ್ಗೆ ದಿಂಬಿನ ಮೇಲೆ ಬೂದು ಕಲೆ.

14 ತಿಂಗಳ ಹಿಂದೆ ಕಣ ತಡೆಯುವ ಹೊಸ ಬಗೆಯ ಹುಡ್ ತೆಗೆದುಕೊಂಡೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಂಪನಿಯ ಹೆಸರು ಬರೆಯುವುದಿಲ್ಲ. ಈ ಬಗೆಯ ಹುಡ್‌ಗಳನ್ನು ಹಲವರು ಮಾಡುತ್ತಾರೆ, ನಾನು ಹೇಳುವ ಹೆಚ್ಚಿನ ಮಾತು ಎಲ್ಲಕ್ಕೂ ಹೊಂದುತ್ತದೆ.

ಕೊಳ್ಳಲು ಕಾರಣ ನನ್ನ ಹಿರಿಯರೊಬ್ಬರು. ನನಗೆ ಹೋಸ್ ಹಿಡಿಯುವುದು ಕಲಿಸಿದವರು ಅವರೇ. ಅವರ ಹೆಲ್ಮೆಟ್ ಯಾವ ಬಣ್ಣದ್ದು ಎಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ, ಅಷ್ಟು ಮಸಿ. ಅದನ್ನು ಒರೆಸಲು ಯಾರಿಗೂ ಬಿಡುತ್ತಿರಲಿಲ್ಲ. ಮಸಿ ಹಿಡಿದ ಹೆಲ್ಮೆಟ್ ಅಂದರೆ ಕೆಲಸ ಬಲ್ಲವನು ಎಂದು ಅರ್ಥ. ನಾವೆಲ್ಲ ಹಾಗೇ ನಂಬಿದ್ದೆವು. ನಿವೃತ್ತಿಯಾಗಿ ಮೂರನೇ ವರ್ಷ ಅವರಿಗೆ ಮೂತ್ರಕೋಶದ ಕ್ಯಾನ್ಸರ್ ಎಂದು ಗೊತ್ತಾಯಿತು. ನೋಡಲು ಹೋದಾಗ ಅವರು ಕೇಳಿದ್ದು ಒಂದೇ ಮಾತು: "ನಿನ್ನ ಹುಡ್ ಎಷ್ಟು ದಿನಕ್ಕೊಮ್ಮೆ ಒಗೀತೀಯಪ್ಪಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಲ್ಕು ತಿಂಗಳಿಂದ ಒಗೆದಿರಲಿಲ್ಲ.

ಅವರ ಕಾಯಿಲೆ ಕೆಲಸದಿಂದಲೇ ಬಂತು ಎಂದು ಒಬ್ಬರ ವಿಷಯದಲ್ಲಿ ಯಾರೂ ಬೆರಳಿಟ್ಟು ಹೇಳಲಾಗದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ 2022ರಲ್ಲಿ ಬೆಂಕಿ ನಂದಿಸುವ ಕೆಲಸವನ್ನೇ ಮೊದಲ ಗುಂಪಿಗೆ ಸೇರಿಸಿತು. ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದ ಗುಂಪು. ತಂಬಾಕು, ಕಲ್ನಾರು ಇರುವ ಗುಂಪೂ ಅದೇ. ಅದಕ್ಕೂ ಮೊದಲು, 2007ರ ವಿಮರ್ಶೆಯಲ್ಲಿ, ನಮ್ಮ ಕೆಲಸಕ್ಕೆ 'ತರಬಹುದು' ಎನ್ನುವ ಸ್ಥಾನವಷ್ಟೇ ಇತ್ತು. 2022ರಲ್ಲಿ ಎರಡು ಕ್ಯಾನ್ಸರ್‌ಗಳಿಗೆ ಸಾಕಷ್ಟು ಸಾಕ್ಷ್ಯ ಇದೆ ಎಂದರು. ಒಂದು ಶ್ವಾಸಕೋಶದ ಪೊರೆಯಲ್ಲಿ ಬರುವ ಮೀಸೋಥೀಲಿಯೋಮ. ಇನ್ನೊಂದು ಮೂತ್ರಕೋಶದ್ದು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನು ಹುಡ್ ವಿಷಯ. ಹೊರಗೊಂದು, ಒಳಗೊಂದು ಹೆಣಿಗೆ ಪದರ. ನಡುವೆ ತೆಳುವಾದ ಸೋಸುವ ಪದರ. ಹಳೆಯ ಹುಡ್‌ನಲ್ಲಿ ಈ ನಡುವಿನದು ಇಲ್ಲ. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ '1971' ಸಂಖ್ಯೆಯ ಮಾನದಂಡದ 2018ರ ಆವೃತ್ತಿಯಲ್ಲಿ ಇಂಥ ಹುಡ್‌ಗೆ ಮೊದಲ ಬಾರಿ ಪರೀಕ್ಷೆ ಗೊತ್ತುಮಾಡಿದರು. 0.1ರಿಂದ 1 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 90ರಷ್ಟನ್ನಾದರೂ ತಡೆಯಬೇಕು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ, ಹಾಗಾಗಿ ಎಷ್ಟು ಸಣ್ಣ ಕಣದ ಮಾತು ಎಂದು ಊಹಿಸಿಕೊಳ್ಳಿ. ನನ್ನ ಹುಡ್‌ನ ಲೇಬಲ್ ಮೇಲೆ ಈ ಮಾನದಂಡದ ಗುರುತಿದೆ. ಗುರುತಿಲ್ಲದ್ದನ್ನು ಕೊಳ್ಳಬೇಡಿ. ಎರಡು ಪದರ ಇದ್ದ ಮಾತ್ರಕ್ಕೆ ಸೋಸುತ್ತದೆ ಎಂದಲ್ಲ.

ಕತ್ತಿಗೆ ಯಾಕೆ ಇಷ್ಟು ಮಹತ್ವ ಅಂತ ಕೇಳಬಹುದು. ಮೈಯ ಎಲ್ಲ ಕಡೆಯ ಚರ್ಮ ಒಂದೇ ತರ ಹೀರುವುದಿಲ್ಲ. 1967ರಲ್ಲಿ ಹೈಡ್ರೋಕಾರ್ಟಿಸೋನ್ ಔಷಧವನ್ನು ಮೈಯ ಬೇರೆ ಬೇರೆ ಕಡೆ ಹಚ್ಚಿ ಅಳೆದು ನೋಡಿದರು. ಮುಂಗೈ ಹೀರಿದ್ದು ಒಂದು ಪಾಲು ಅಂದರೆ ದವಡೆಯ ಮೂಲೆ ಹೀರಿದ್ದು 13 ಪಾಲು. ಅದು ಔಷಧದ ಲೆಕ್ಕ, ಮಸಿಯದ್ದಲ್ಲ. ಆದರೂ ನಮ್ಮ ಗೇರ್‌ನಲ್ಲಿ ಅತಿ ತೆಳುವಾದ ಬಟ್ಟೆ ಇದ್ದದ್ದು ಸರಿಯಾಗಿ ಅದೇ ಜಾಗದಲ್ಲಿ ಅಲ್ವಾ? ಅದರ ಮೇಲೆ ಬೆವರು, ಶಾಖ ಬೇರೆ.

ಲೇಬಲ್ ನಂಬಿ ಸುಮ್ನೆ ಕೂರಲು ಮನಸ್ಸಾಗಲಿಲ್ಲ. ನನ್ನದೇ ಒಂದು ಪರೀಕ್ಷೆ ಮಾಡಿದೆ. ಪ್ರತಿ ಬೆಂಕಿಯ ನಂತರ ಬಿಳಿಯ ಒದ್ದೆ ಬಟ್ಟೆಯಿಂದ ಕತ್ತು ಒರೆಸಿ ಫೋಟೋ ತೆಗೆದಿಟ್ಟೆ. ಮೊದಲು ಹಳೆಯ ಹುಡ್‌ನಲ್ಲಿ ಐದು ಬೆಂಕಿ, ಆಮೇಲೆ ಹೊಸದರಲ್ಲಿ ಹನ್ನೆರಡು. ಹಳೆಯದರಲ್ಲಿ ಐದಕ್ಕೆ ಐದೂ ಸಲ ಬಟ್ಟೆ ಕಪ್ಪು. ಹೊಸದರಲ್ಲಿ ಹೆಚ್ಚಿನ ಸಲ ಬರೀ ಬೆವರು ಮತ್ತು ತೆಳು ಬೂದು ಬಣ್ಣ. ಆದರೆ ಎರಡನೇ ಬೆಂಕಿಯಲ್ಲೇ ಎಡ ಕಿವಿಯ ಕೆಳಗೆ ನಾಲ್ಕು ಬೆರಳಗಲ ಕಪ್ಪು ಪಟ್ಟೆ ಸಿಕ್ಕಿತು. ಹುಡ್ ಸೋರುತ್ತಿದೆ ಎಂದು ಸಿಟ್ಟು ಬಂತು. ಆಮೇಲೆ ಜೊತೆಯವನು ತೋರಿಸಿಕೊಟ್ಟ: ಕೆಲಸದ ಗ್ಲೌಸ್ ಹಾಕಿಕೊಂಡೇ ಹುಡ್ ತೆಗೆದಿದ್ದೆ. ಮಸಿ ಬಂದದ್ದು ನನ್ನ ಕೈಯಿಂದ. ಈಗ ಕೆಲಸದ ಗ್ಲೌಸ್ ತೆಗೆದು, ತೆಳು ರಬ್ಬರ್ ಗ್ಲೌಸ್ ಹಾಕಿ, ಹಿಂದಿನಿಂದ ಮುಂದಕ್ಕೆ ಒಳಮಗ್ಗುಲು ಹೊರಗೆ ಬರುವಂತೆ ಮಗುಚಿ ತೆಗೆಯುತ್ತೇನೆ. ಪಟ್ಟೆ ಮತ್ತೆ ಬಂದಿಲ್ಲ.

ಮಾಸ್ಕ್ ಮತ್ತು ಹುಡ್ ಕೂಡುವ ಅಂಚಿನಲ್ಲಿ, ಕಣತಲೆಯ ಹತ್ತಿರ, ಈಗಲೂ ಒಂದು ಗೆರೆ ಬರುತ್ತದೆ. ಅದು ಅಳತೆಯ ಪ್ರಶ್ನೆ. ಮೊದಲು ನನಗೆ ಕೊಟ್ಟದ್ದು ಒಂದೇ ಸೈಜಿನದ್ದು, ಎಲ್ಲರಿಗೂ ಆಗುತ್ತದೆ ಎಂದರು. ನನ್ನ ಮಾಸ್ಕ್ ಸುತ್ತ ಬೆರಳು ತೂರುವಷ್ಟು ಸಡಿಲ ಇತ್ತು. ಬದಲಾಯಿಸಿ ಕೊಡಲು ಮಾರಿದವರು ಮೂರು ವಾರ ಎಳೆದರು. ಆ ಮೂರು ವಾರ ಹಳೆಯ ಹುಡ್‌ನಲ್ಲೇ ಕಾಲ್‌ಗೆ ಹೋದೆ. ಬೇಸರದ ಸಂಗತಿ. ಕೊಳ್ಳುವ ಮುಂಚೆ ನೀವು ದಿನಾ ಹಾಕುವ ಮಾಸ್ಕ್ ಮತ್ತು ಹೆಲ್ಮೆಟ್ ಜೊತೆಗೇ ಹಾಕಿ, ತಲೆ ಎರಡೂ ಕಡೆ ತಿರುಗಿಸಿ, ಮೇಲೆ ಕೆಳಗೆ ನೋಡಿ. ಅಂಚು ಜರುಗಿದರೆ ಅದು ನಿಮ್ಮ ಅಳತೆಯದ್ದಲ್ಲ. ಒಂಬತ್ತನೇ ತಿಂಗಳಿಗೆ ಮುಖದ ಸುತ್ತಲಿನ ಎಲಾಸ್ಟಿಕ್ ಸ್ವಲ್ಪ ಸೋತಿದೆ. ಒಂದು ಅಂಕ ಕಳೆದದ್ದು ಅದಕ್ಕೆ.

ಶಾಖದ ವಿಷಯದಲ್ಲಿ ನಮ್ಮಲ್ಲಿ ಜಾಸ್ತಿ ಜಗಳ ಇದೆ, ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹಳಬರು ಕಿವಿಯನ್ನೇ ಥರ್ಮಾಮೀಟರ್ ಮಾಡಿಕೊಂಡಿದ್ದರು. ಕಿವಿ ಸುಡಲು ಶುರುವಾದರೆ ಹೊರಗೆ ಬಾ, ಇಷ್ಟೇ ಪಾಠ. ಹೊಸ ಹುಡ್ ದಪ್ಪ, ಕಿವಿಗೆ ಬಿಸಿ ತಡವಾಗಿ ಗೊತ್ತಾಗುತ್ತದೆ. ನನಗೂ ಮೊದಲ ತಿಂಗಳು ಭಯ ಆಗಿತ್ತು. ಒಂದು ಸಲ ಒಳಗೆ ಇರಬೇಕಾದ್ದಕ್ಕಿಂತ ಎರಡು ನಿಮಿಷ ಜಾಸ್ತಿ ಇದ್ದೆ ಎಂದು ಹೊರಬಂದ ಮೇಲೆ ಅನ್ನಿಸಿತು. ಈಗ ಥರ್ಮಲ್ ಕ್ಯಾಮೆರಾ ನೋಡುವುದು, ಛಾವಣಿಯ ಕೆಳಗೆ ಹೊಗೆ ಹೇಗೆ ಉರುಳುತ್ತಿದೆ ಎಂದು ಗಮನಿಸುವುದು ರೂಢಿಯಾಗಿದೆ. ಕಿವಿ ಸುಟ್ಟುಕೊಂಡು ಶಾಖ ತಿಳಿಯುವುದು ಒಳ್ಳೆಯ ವಿಧಾನ ಎಂದು ನಾನು ಈಗ ಒಪ್ಪುವುದಿಲ್ಲ. ಆದರೆ ಹುಡ್ ಬದಲಾಯಿಸಿದವರಿಗೆಲ್ಲ ತರಬೇತಿ ಮನೆಯಲ್ಲಿ ಒಂದೆರಡು ಸಲ ಹಾಕಿಸಿ ಅಭ್ಯಾಸ ಮಾಡಿಸಲೇಬೇಕು. ಹೊಚ್ಚ ಹೊಸದನ್ನು ನೇರವಾಗಿ ಬೆಂಕಿಗೆ ಹಾಕಿಕೊಂಡು ಹೋಗಬೇಡಿ.

ಶಬ್ದ ಕೊಂಚ ಮಂದ ಕೇಳುತ್ತದೆ. ಆದರೆ ಸಿಲಿಂಡರ್‌ನಲ್ಲಿ ಗಾಳಿಯ ಒತ್ತಡ 55 ಬಾರ್ ಹತ್ತಿರ ಇಳಿದಾಗ ಊದುವ ಸೀಟಿ ಸ್ಪಷ್ಟವಾಗಿ ಕೇಳಿದೆ, ರೇಡಿಯೋ ಕೂಡ.

ಈ ಹುಡ್ ಏನು ಮಾಡುವುದಿಲ್ಲ ಎಂಬುದೂ ಗೊತ್ತಿರಲಿ. ಇದು ಕಣ ತಡೆಯುತ್ತದೆ, ಅನಿಲ ತಡೆಯುವುದಿಲ್ಲ. ಬೆಂಜೀನ್‌ನಂಥವು ಬಟ್ಟೆ ದಾಟಿ ಬರುತ್ತವೆ. ಶ್ವಾಸಕ್ಕಂತೂ ಇದು ಏನೂ ಅಲ್ಲ. ನಮ್ಮಲ್ಲಿ ಒಬ್ಬ ಹುಡುಗ ಒಳ್ಳೆಯ ಹುಡ್ ಬಂತು ಎಂಬ ಧೈರ್ಯದಲ್ಲಿ, ಬೆಂಕಿ ಆರಿದ ಮೇಲೆ ಬೂದಿ ಕೆದಕುವಾಗ ಮಾಸ್ಕ್ ತೆಗೆದುಬಿಟ್ಟಿದ್ದ. ಅವನನ್ನು ಕೈ ಹಿಡಿದು ಹೊರಗೆ ಕರೆದುಕೊಂಡು ಬಂದೆ. ಉರಿ ಕಾಣದಿದ್ದರೂ ಸುಟ್ಟ ಸೋಫಾ, ಪ್ಲಾಸ್ಟಿಕ್, ವೈರ್ ಹೊಗೆ ಬಿಡುತ್ತಲೇ ಇರುತ್ತವೆ. ಸ್ಪಂಜಿನ ಹಾಸಿಗೆ ಸುಟ್ಟರೆ ಹೈಡ್ರೋಜನ್ ಸಯನೈಡ್ ಬರುತ್ತದೆ. ಕಾರ್ಬನ್ ಮೊನಾಕ್ಸೈಡ್ ರಕ್ತಕ್ಕೆ ಅಂಟುವ ಜೋರು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು.

ಹೃದಯಕ್ಕೂ ಹುಡ್ ಏನೂ ಮಾಡದು. ಅಮೆರಿಕದಲ್ಲಿ 1994ರಿಂದ 2004ರವರೆಗೆ ಕರ್ತವ್ಯದ ಮೇಲೆ ಸತ್ತ ಅಗ್ನಿಶಾಮಕರ ಲೆಕ್ಕ ತೆಗೆದಾಗ ಶೇ 39 ಸಾವು ಹೃದಯದ ರಕ್ತನಾಳದ ಕಾಯಿಲೆಯಿಂದ. ಇದರಲ್ಲಿ 2001ರ ಸೆಪ್ಟೆಂಬರ್ 11ರ ಅವಳಿ ಗೋಪುರ ದಾಳಿಯ ಸಾವುಗಳನ್ನು ಸೇರಿಸಿಲ್ಲ. ಬೆಂಕಿ ನಂದಿಸುವುದು ವರ್ಷದ ಕೆಲಸದ ಹೊತ್ತಿನಲ್ಲಿ ಶೇ 1ರಿಂದ 5ರಷ್ಟು ಮಾತ್ರ. ಆ ಹೃದಯದ ಸಾವುಗಳಲ್ಲಿ ಶೇ 32 ಆ ಅಲ್ಪ ಹೊತ್ತಿನಲ್ಲೇ ಆಗಿವೆ. ನಿದ್ದೆಯಿಂದ ಎದ್ದು ಓಡುವುದು, ಭಾರ ಹೊರುವುದು, ಬಿಸಿಯಲ್ಲಿ ನೀರು ಕಳೆದುಕೊಳ್ಳುವುದು, ಎಲ್ಲ ಒಟ್ಟಿಗೇ ಬೀಳುತ್ತದೆ. ಮೈಮೇಲೆ ಇನ್ನೊಂದು ಪದರ ಅಂದರೆ ಇನ್ನಷ್ಟು ಸೆಕೆ ಎಂಬುದನ್ನೂ ಮರೆಯಬಾರದು. ನಾನು ಹೊರಗೆ ಬಂದ ತಕ್ಷಣ ಹುಡ್ ತೆಗೆದು ನೀರು ಕುಡಿಯುತ್ತೇನೆ.

ಠಾಣೆಯಲ್ಲಿ ಒಂದು ಮಾತು ಓಡಾಡುತ್ತದೆ: ಈ ಕೆಲಸದವರು ನಿವೃತ್ತಿಯಾದ ಐದು ವರ್ಷಕ್ಕೆ ಹೋಗಿಬಿಡುತ್ತಾರೆ. ಪೊಲೀಸ್ ಕೆಲಸದಲ್ಲಿರುವ ನನ್ನ ತಂಗಿಯೂ ಅಲ್ಲಿ ಇದೇ ಮಾತು ಕೇಳಿದ್ದಾಳೆ. ನಾನೂ ಬಹಳ ವರ್ಷ ನಂಬಿದ್ದೆ. ಇಂಥ ಲೆಕ್ಕ ಎಷ್ಟೋ ಸಲ ಸತ್ತವರ ವಯಸ್ಸಿನ ಸರಾಸರಿಯಿಂದ ಹುಟ್ಟುತ್ತದೆ. ಹತ್ತು ಜನರಲ್ಲಿ ಇಬ್ಬರು 50ಕ್ಕೆ, 56ಕ್ಕೆ ತೀರಿಕೊಂಡರು, ಎಂಟು ಜನ 70 ದಾಟಿ ಬದುಕಿದ್ದಾರೆ ಎಂದುಕೊಳ್ಳಿ. ಸತ್ತವರ ಸರಾಸರಿ 53. ಆ ಎಂಟು ಜನ ಲೆಕ್ಕದಲ್ಲೇ ಇಲ್ಲ. ಷಿಕಾಗೋ, ಫಿಲಡೆಲ್ಫಿಯಾ, ಸ್ಯಾನ್ ಫ್ರಾನ್ಸಿಸ್ಕೋದ ಸುಮಾರು 30,000 ಅಗ್ನಿಶಾಮಕರನ್ನು 1950ರಿಂದ 2009ರವರೆಗೆ ಹಿಂಬಾಲಿಸಿದ ಅಧ್ಯಯನದಲ್ಲಿ ಒಟ್ಟು ಸಾವಿನ ಪ್ರಮಾಣ ಹೆಚ್ಚು ಕಡಿಮೆ ಸಾಮಾನ್ಯ ಜನರಷ್ಟೇ ಇತ್ತು. ಆದರೆ ಕ್ಯಾನ್ಸರ್ ಸಾವು ಶೇ 14 ಹೆಚ್ಚು, ಮೀಸೋಥೀಲಿಯೋಮ ಸುಮಾರು ಎರಡು ಪಟ್ಟು.

ಈ ಅಂಕಿ ನನಗೆ ಸಮಾಧಾನ ಕೊಡಲಿಲ್ಲ. ಓಡಿಸಿ, ಭಾರ ಎತ್ತಿಸಿ, ಡಾಕ್ಟರ್ ಹತ್ತಿರ ಪರೀಕ್ಷೆ ಮಾಡಿಸಿ ಗಟ್ಟಿಮುಟ್ಟಾದವರನ್ನೇ ಆರಿಸಿ ತೆಗೆದುಕೊಂಡಿರುತ್ತಾರೆ. ಅಂಥವರು ಬೇರೆಯವರಿಗಿಂತ ಜಾಸ್ತಿ ಬದುಕಬೇಕಿತ್ತು. ಅಷ್ಟೇ ಬದುಕಿದರು ಅಂದರೆ ನಡುವೆ ಏನೋ ಕಳೆದುಹೋಗಿದೆ. ನ್ಯೂಯಾರ್ಕ್ ಅಗ್ನಿಶಾಮಕ ದಳ 2001ರ ಸೆಪ್ಟೆಂಬರ್ 11ರಂದು ಒಂದೇ ದಿನ 343 ಜನರನ್ನು ಕಳೆದುಕೊಂಡಿತು. ಆಮೇಲೆ, ಆ ಗೋಪುರಗಳು ಕುಸಿದಾಗ ಎದ್ದ ಧೂಳಿನ ಕಾಯಿಲೆಗಳಿಂದ ತೀರಿಕೊಂಡವರ ಸಂಖ್ಯೆ 2023ರಲ್ಲಿ ಅದೇ 343ಕ್ಕೆ ಮುಟ್ಟಿತು. ನಮ್ಮ ಗೇರ್‌ನಲ್ಲಿ ಹೆಚ್ಚಿನದು ಆ ಒಂದು ದಿನಕ್ಕೆ ಮಾಡಿದ್ದು. ಈ ಹುಡ್ ಆಮೇಲಿನ ವರ್ಷಗಳಿಗೆ ಮಾಡಿದ್ದು, ಅದಕ್ಕೇ ನನಗೆ ಇಷ್ಟು ಇಷ್ಟ.

ಒಗೆಯುವುದು ಸುಲಭ. ಬೆಂಕಿಗೆ ಹೋಗಿ ಬಂದ ಪ್ರತಿ ಸಲ ಒಗೆಯುತ್ತೇನೆ, ನೀರು 40 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಬ್ಲೀಚ್ ಹಾಕುವುದಿಲ್ಲ, ಬಿಸಿಲಿಗೆ ಹರವುವುದಿಲ್ಲ, ನೆರಳಲ್ಲಿ ಆರಲು ಒಂದು ರಾತ್ರಿ ಬೇಕು. ಹಾಗಾಗಿ ಒಂದೇ ಹುಡ್ ಕೊಂಡರೆ ಪ್ರಯೋಜನ ಕಡಿಮೆ. ಒಂದು ಒದ್ದೆ ಇರುವಾಗ ಮತ್ತೆ ಕಾಲ್ ಬರುತ್ತದೆ. ಎರಡು ಬೇಕು. ಮನೆಯ ಬಟ್ಟೆಯ ಜೊತೆ ಒಗೆಯಬೇಡಿ, ಮನೆಗೇ ತರಬೇಡಿ. ಉಳಿದ ಗೇರ್ ಕೊಳೆಯಾಗಿ ಗಾಡಿಯ ಕ್ಯಾಬಿನ್‌ನಲ್ಲಿ ನೇತಾಡುತ್ತಿದ್ದರೆ ಹುಡ್ ಒಂದನ್ನೇ ಒಗೆದು ಏನೂ ಆಗದು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೆಂಕಿಯ ಜಾಗದಲ್ಲೇ ಸೋಪು ನೀರಿನಿಂದ ಗೇರ್ ತೊಳೆದಾಗ ಪಿಎಎಚ್ ಎಂಬ ಮಸಿಯ ವಿಷಗಳು ಶೇ 85ರಷ್ಟು ಇಳಿದವು. ಒಣ ಬ್ರಷ್‌ನಲ್ಲಿ ಶೇ 23 ಮಾತ್ರ. ಕತ್ತನ್ನು ಒದ್ದೆ ವೈಪ್‌ನಿಂದ ಒರೆಸಿದ್ದಕ್ಕೆ ಶೇ 54 ಇಳಿಯಿತು. ಬಕೆಟ್, ಬ್ರಷ್, ಸೋಪು, ಒಂದು ಪ್ಯಾಕೆಟ್ ವೈಪ್. ಹುಡ್ ಕೊಡಿಸಲು ಮೇಲಿನವರು ಒಪ್ಪುವವರೆಗೆ ಇವುಗಳನ್ನು ಇವತ್ತೇ ಶುರು ಮಾಡಬಹುದು.

ಪ್ರತಿ ಸಲ ಒಗೆದಾಗ ಲೇಬಲ್ ಹಿಂದೆ ಅಳಿಯದ ಪೆನ್ನಿನಿಂದ ಒಂದು ಗೆರೆ ಎಳೆಯುತ್ತೇನೆ. ಇದು ನನ್ನ ಹಿರಿಯರು ಹೇಳಿಕೊಟ್ಟದ್ದು. ಅವರು ಈಗಲೂ ಚಿಕಿತ್ಸೆಯ ನಂತರದ ತಪಾಸಣೆಗೆ ಹೋಗುತ್ತಿರುತ್ತಾರೆ, ಸದ್ಯ ಕಾಯಿಲೆ ಮರುಕಳಿಸಿಲ್ಲ. ಕಳೆದ ಸಲ ಹೋದಾಗ ಹುಡ್ ತೆಗೆದುಕೊಂಡು ಹೋಗಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಗೆರೆಗಳನ್ನು ಒಂದೊಂದಾಗಿ ಎಣಿಸಿದರು. 31 ಇದ್ದವು.