ಸಂಧಿವಾತಕ್ಕೆ ಉಸಿರಾಟದ ಆನ್‌ಲೈನ್ ಕೋರ್ಸ್: ವರ್ಷ ದಾಟಿದ ಮೇಲೆ ನನ್ನ ಅಭಿಪ್ರಾಯ

ರುಮಟಾಯ್ಡ್ ಸಂಧಿವಾತ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ) ಇರುವವರು ಇಂಥ ಕೋರ್ಸ್ ಸೇರಬಹುದಾ? ಸೇರಿ, ಆದರೆ ಮಾತ್ರೆ ಬಿಡಬೇಡಿ. ಉಳಿದ ಮಾತು ಆಮೇಲೆ.

ನರಮಂಡಲ ಶಾಂತವಾದರೆ ಕೀಲುಗಳ ಉರಿಯೂತ ತಾನಾಗಿ ಇಳಿಯುತ್ತದೆ ಅಂತ ಕೋರ್ಸಿನವರ ಜಾಹೀರಾತು. ಪೂರ್ತಿ ಬುರುಡೆಯೇನಲ್ಲ. ಮಿದುಳಿನ ಬುಡದಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರಕ್ಕೂ ಉರಿಯೂತಕ್ಕೂ ನಂಟಿದೆ ಎಂದು ಅಮೆರಿಕದ ವಿಜ್ಞಾನಿ ಕೆವಿನ್ ಟ್ರೇಸಿ 2002ರಲ್ಲೇ ಬರೆದಿದ್ದರು. ಆ ನರಕ್ಕೆ ಸಣ್ಣಗೆ ಕರೆಂಟ್ ಕೊಡುವ ಸಾಧನವೊಂದಕ್ಕೆ 2025ರ ಜುಲೈನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಅದೂ ನಮ್ಮ ಕಾಯಿಲೆಗೇ. ಆದರೆ ಅದನ್ನು ಆಪರೇಷನ್ ಮಾಡಿ ಕತ್ತಿನೊಳಗೆ ಕೂರಿಸಬೇಕು. ದುಬಾರಿ ಔಷಧಿಗಳಿಗೂ ಕಾಯಿಲೆ ಬಗ್ಗದವರಿಗೆ ಮಾತ್ರ. ಕೋರ್ಸಿನ ವಿಡಿಯೋದಲ್ಲಿ ಈ ಸುದ್ದಿ ತೋರಿಸಿ, ಉಸಿರಾಟವೂ ಅದೇ ಕೆಲಸ ಮಾಡುತ್ತದೆ ಅನ್ನುವ ಹಾಗೆ ಮಾತಾಡುತ್ತಾರೆ. ಅದು ನನಗೆ ಹಿಡಿಸಲಿಲ್ಲ.

ಅಭ್ಯಾಸ ಸುಲಭ. ಆ್ಯಪ್‌ನಲ್ಲಿ ನೀಲಿ ವೃತ್ತ ಉಬ್ಬುತ್ತದೆ, ಇಳಿಯುತ್ತದೆ. ನಾಲ್ಕು ಸೆಕೆಂಡ್ ಉಸಿರು ಒಳಗೆ, ಆರು ಸೆಕೆಂಡ್ ಹೊರಗೆ. ಅಂದರೆ ನಿಮಿಷಕ್ಕೆ ಆರು ಉಸಿರು. ಮಣಿಕಟ್ಟಿನ ನಾಡಿ ಹಿಡಿದು ಕೂತರೆ, ಉಸಿರು ಬಿಡುವಾಗ ಬಡಿತ ಒಂಚೂರು ನಿಧಾನವಾಗುವುದು ನಿಮಗೇ ಗೊತ್ತಾಗುತ್ತದೆ. ನಮ್ಮ ಅತ್ತೆ ಪಕ್ಕದಲ್ಲಿ ಕೂತು ನೋಡಿ, "ಇದಕ್ಕೆ ಇಷ್ಟು ದುಡ್ಡಾ? ಪಾರ್ಕಿನಲ್ಲಿ ಯೋಗದ ಮೇಷ್ಟ್ರು ಸುಮ್ನೆ ಹೇಳಿಕೊಡ್ತಾರಲ್ಲಮ್ಮ" ಅಂದರು. ಯೋಗಗುರು ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳಿದ ಊರು ನಮ್ಮ ಮೈಸೂರು. ಅತ್ತೆ ಮಾತಿಗೆ ಎದುರಾಡುವುದು ಕಷ್ಟ, ಅಲ್ವಾ?

ಏನು ಬದಲಾಯಿತು? ನಿದ್ದೆ. ನೋವಿಗೆ ಎಚ್ಚರವಾದರೂ ಮತ್ತೆ ನಿದ್ದೆ ಹತ್ತುತ್ತದೆ. ಬೆಳಗಿನ ಬಿಗಿತ ಹೋಗಿಲ್ಲ. ಈಗಲೂ ಕೆಲವು ದಿನ ನಂದಿನಿ ಪ್ಯಾಕೆಟ್ ಕತ್ತರಿಸಲು ಹೋದರೆ ಕತ್ತರಿಯ ಹಿಡಿಯೊಳಗೆ ಹೆಬ್ಬೆರಳು ತೂರುವುದಿಲ್ಲ, ಗಿಣ್ಣು ಅಷ್ಟು ಊದಿರುತ್ತದೆ. ಮೊದಲಾದರೆ ಅಲ್ಲೇ ಗಾಬರಿ ಶುರುವಾಗಿ ಹೆಗಲು, ಕತ್ತು ಎಲ್ಲ ಬಿಗಿದು ನೋವು ಜಾಸ್ತಿಯಾಗುತ್ತಿತ್ತು. ಈಗ ಪ್ಯಾಕೆಟ್ ಪಕ್ಕಕ್ಕಿಟ್ಟು ಬಿಸಿನೀರಲ್ಲಿ ಕೈ ಅದ್ದಿ, ಉಸಿರು ಎಣಿಸುತ್ತಾ ನಿಲ್ಲುತ್ತೇನೆ. ನನಗೆ ಇದು ಸಣ್ಣ ಲಾಭವಲ್ಲ.

ರಕ್ತಪರೀಕ್ಷೆ ಮಾತ್ರ ಬೇರೆಯೇ ಕತೆ ಹೇಳುತ್ತದೆ. ಉರಿಯೂತ ಎಷ್ಟಿದೆ ಎಂದು ತೋರಿಸುವ ನನ್ನ ಇಎಸ್‌ಆರ್, ಸಿಆರ್‌ಪಿ ಇಳಿದದ್ದು ಡಾಕ್ಟರು ನನ್ನ ಸಂಧಿವಾತದ ಮಾತ್ರೆ ಮೆಥೊಟ್ರೆಕ್ಸೇಟ್‌ನ ಡೋಸ್ ಏರಿಸಿದ ಮೇಲೆ, ಕೋರ್ಸ್ ಸೇರಿದಾಗಲ್ಲ. ದಸರೆಗೆ ಮನೆ ತುಂಬ ನೆಂಟರು ಬಂದಿದ್ದಾಗ ಅಭ್ಯಾಸ ತಪ್ಪಿಸದಿದ್ದರೂ ಕೀಲು ಊದಿದವು. ಕೋರ್ಸಿನ ಗುಂಪಿನಲ್ಲಿ ಕೋಚ್‌ಗೆ ಹೇಳಿದರೆ, "ನೀವು ಒಳಗಿನಿಂದ ಗುಣವಾಗಲು ಒಪ್ಪುತ್ತಿಲ್ಲ" ಎಂದು ಮೆಸೇಜ್ ಬಂತು. ಕಾಯಿಲೆ ನಮ್ಮದು, ತಪ್ಪೂ ನಮ್ಮದೇ! ಅದೇ ಗುಂಪಿನಲ್ಲಿ ಕೋಚ್ ಇನ್ನೊಬ್ಬರಿಗೆ "ಮಾತ್ರೆ ನಿಧಾನಕ್ಕೆ ಕಮ್ಮಿ ಮಾಡಿ ನೋಡಿ" ಅಂದಿದ್ದನ್ನೂ ಓದಿದೆ. ವಾರಕ್ಕೊಮ್ಮೆ ಮಾತ್ರ ನುಂಗಬೇಕಾದ, ಆಗಾಗ ಲಿವರ್ ಟೆಸ್ಟ್ ಮಾಡಿಸಬೇಕಾದ ಔಷಧಿ ಈ ಮೆಥೊಟ್ರೆಕ್ಸೇಟ್. ಅದರ ಬಗ್ಗೆ ಹೇಳಲು ಇವರು ಯಾರು? ಕೀಲು ಒಮ್ಮೆ ಸವೆದರೆ ಉಸಿರಾಟದಿಂದ ವಾಪಸ್ ಬರುವುದಿಲ್ಲ.

ಅಭ್ಯಾಸಕ್ಕೆ ನಾಲ್ಕು ಸ್ಟಾರ್, ಕೋಚ್‌ಗೆ ಒಂದು. ಪಾಠಗಳೆಲ್ಲ ಇಂಗ್ಲಿಷಿನಲ್ಲಿವೆ, ಕನ್ನಡ ಇಲ್ಲ. ನಾನು ರಿನ್ಯೂ ಮಾಡಿಸಿಲ್ಲ. ಎಣಿಕೆ ಕಲಿತ ಮೇಲೆ ಆ್ಯಪ್ ಬೇಕಾಗಲಿಲ್ಲ. ಸೇರುವವರು ತಿಂಗಳ ಪ್ಲಾನ್ ತಗೊಳ್ಳಿ. ಬಿಡುವಾಗ ಯುಪಿಐಗೆ ಹೋಗಿ ಆಟೋಪೇ ನೀವೇ ನಿಲ್ಲಿಸಿ. ಮೇಲ್ ಕಳಿಸಿ ಕಾಯುತ್ತಾ ಕೂತರೆ ಮುಂದಿನ ತಿಂಗಳ ದುಡ್ಡೂ ಕಟ್ ಆಗುತ್ತದೆ.