ಹದಿನಾಲ್ಕು ತಿಂಗಳ ಬಳಕೆ: ಸ್ಟೀರಿಯೊ ಗಟ್ಟಿ, ಕೈಕೊಟ್ಟಿದ್ದು ಅದರ ಹಿಂದಿನ ವೈರಿಂಗ್

ನಮ್ಮದು 2013ರ ಹ್ಯಾಚ್‌ಬ್ಯಾಕ್. ಹಳೇ ಸ್ಟೀರಿಯೊದಲ್ಲಿ ಬ್ಲೂಟೂತ್ ಇರಲಿಲ್ಲ ಅಂತ ಕಳೆದ ವರ್ಷ ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ಏಳಿಂಚಿನ ಆಂಡ್ರಾಯ್ಡ್ ಸ್ಟೀರಿಯೊ, ಮುಂದಿನ ಬಾಗಿಲುಗಳಿಗೆ ಎರಡು ಸ್ಪೀಕರ್ ಹಾಕಿಸಿದೆ. ಫಿಟಿಂಗ್ ಸೇರಿ 16,500 ರೂಪಾಯಿ. ಒಂದೂವರೆ ಗಂಟೆಯಲ್ಲಿ ಗಾಡಿ ಕೈಗೆ ಕೊಟ್ಟರು. ಆಮೇಲೆ ಎರಡು ತಿಂಗಳು ನೆಮ್ಮದಿ ಇರಲಿಲ್ಲ. ಹೊಸ ಸ್ಟೀರಿಯೊ ಹಾಕಿಸಿ ಪರದಾಡುತ್ತಿರುವವರಿಗೆ ಉಪಯೋಗಕ್ಕೆ ಬರಲಿ ಅಂತ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ದಿನವೇ ಕಂಡ ತೊಂದರೆ: ಗಾಡಿ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಗಡಿಯಾರ, ಸೇವ್ ಮಾಡಿದ ಸ್ಟೇಷನ್‌ಗಳು, ಫೋನ್ ಜೋಡಣೆ ಎಲ್ಲವೂ ಅಳಿಸಿಹೋಗುತ್ತಿತ್ತು. ಸ್ಟೀರಿಯೊಗೆ ಎರಡು ಕಡೆಯಿಂದ ಕರೆಂಟ್ ಬರಬೇಕು. ಹಳದಿ ವೈರ್ ಬ್ಯಾಟರಿಯಿಂದ ಸದಾ ಬರುವ ಸಪ್ಲೈ, ನೆನಪು ಉಳಿಸುವುದು ಅದು. ಕೆಂಪು ವೈರಿಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕು. ನಮ್ಮಲ್ಲಿ ಎರಡನ್ನೂ ಕೀಗೇ ಕೊಟ್ಟಿದ್ದರು. ದೂರು ಹೇಳಿದ್ದಕ್ಕೆ ಹತ್ತೇ ನಿಮಿಷದಲ್ಲಿ ಎರಡನ್ನೂ ಬ್ಯಾಟರಿ ಸಪ್ಲೈಗೆ ಸೇರಿಸಿ, "ಇಳಿಯುವಾಗ ಪವರ್ ಬಟನ್ ಒತ್ತಿಬಿಡಿ ಸಾರ್, ಅಷ್ಟೇ" ಅಂದರು. ನಂಬಿದೆ.

ನಾಲ್ಕು ದಿನ ಊರಿಗೆ ಹೋಗಿ ಬಂದು ಬೆಳಿಗ್ಗೆ ಕೀ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು. ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿದ್ದ ದಿನ ಅದು. ಆಟೊ ಹಿಡಿದು ಹೋದೆವು.

ಆ ವಾರವೇ ಎಸ್.ಪಿ. ರಸ್ತೆಗೆ ಹೋಗಿ 450 ರೂಪಾಯಿಗೆ ಒಂದು ಮಲ್ಟಿಮೀಟರ್ ತಂದೆ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಮೀಟರನ್ನು 10 ಆಂಪಿಯರ್‌ಗೆ ಇಟ್ಟು ಮಧ್ಯೆ ಸೇರಿಸಿ, ಬಾಗಿಲು ಮುಚ್ಚಿ ಕಾಲು ಗಂಟೆ ಕಾದೆ (ಹೀಗೆ ಮಾಡುವಾಗ ಗಾಡಿ ಸ್ಟಾರ್ಟ್ ಮಾಡಲೇಬೇಡಿ, ಮೀಟರ್ ಫ್ಯೂಸ್ ಹೋಗುತ್ತದೆ). ನಿಂತ ಗಾಡಿ 0.05 ಆಂಪಿಯರ್‌ಗಿಂತ ಹೆಚ್ಚು ಎಳೆಯಬಾರದು. ಮೀಟರ್ ತೋರಿಸಿದ್ದು 0.32. ಸ್ಟೀರಿಯೊದ ಫ್ಯೂಸ್ ಕಿತ್ತ ತಕ್ಷಣ 0.02ಕ್ಕೆ ಇಳಿಯಿತು. ಪರದೆ ಕಪ್ಪಾಗಿದ್ದರೂ ಒಳಗೆ ಅದು ಎಚ್ಚರವಾಗಿಯೇ ಇತ್ತು. ದಿನಕ್ಕೆ ಏಳೂವರೆ ಆಂಪಿಯರ್ ಅವರ್ ಹೀರಿದರೆ ನಮ್ಮ 35ರ ಬ್ಯಾಟರಿ ನಾಲ್ಕು ದಿನಕ್ಕೆ ಮಲಗದೆ ಇನ್ನೇನು ಮಾಡೀತು?

ಅಂಗಡಿಗೆ ಮತ್ತೆ ಹೋಗಲಿಲ್ಲ. ಹನುಮಂತನಗರದಲ್ಲಿ ಪರಿಚಯದ ಆಟೊ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ, ಅವರ ಹತ್ತಿರ ಒಯ್ದೆ. ಸ್ಟೀರಿಯೊ ಹೊರಗೆಳೆದು ನೋಡಿದವರೇ, "ಕಂಪನಿ ವೈರ್ ಯಾಕೆ ಕಟ್ ಮಾಡೋಕೆ ಬಿಟ್ರಿ ಸಾರ್? ಈ ಗಾಡಿಗೆ ಕಪ್ಲರ್ ಸಿಗುತ್ತಲ್ಲ" ಅಂದರು. ಕಪ್ಲರ್ ಅಂದರೆ ಕಂಪನಿ ವೈರ್ ಕತ್ತರಿಸದೆ ಸ್ಟೀರಿಯೊ ಜೋಡಿಸುವ ಪ್ಲಗ್. ನೋಡಿ ನನಗೂ ಹೊಟ್ಟೆ ಉರಿಯಿತು. ವೈರ್‌ಗಳನ್ನು ಕೈಯಲ್ಲಿ ಹೊಸೆದು ಟೇಪ್ ಸುತ್ತಿದ್ದರು. ಡ್ಯಾಶ್‌ಬೋರ್ಡಿನ ಶಾಖಕ್ಕೆ ಅಂಟು ಕರಗಿ ಟೇಪ್ ಜಾರಿತ್ತು, ಬೆರಳಿಗೆಲ್ಲ ಕಪ್ಪು ಜಿಗುಟು. ಕಪ್ಪು ಅರ್ತ್ ವೈರನ್ನು ಬಣ್ಣ ಬಳಿದ ಪಟ್ಟಿಯ ಮೇಲೆಯೇ ಸ್ಕ್ರೂ ಮಾಡಿದ್ದರು. ಆಕ್ಸಿಲರೇಟರ್ ಒತ್ತಿದಷ್ಟೂ ಸ್ಪೀಕರಿನಲ್ಲಿ ಏರುತ್ತಿದ್ದ "ಕುಯ್ಯ್" ಸದ್ದಿನ ಮೂಲ ಅದೇ. ಅರ್ತ್ ಸರಿ ಕೂರದಿದ್ದರೆ ಆಲ್ಟರ್ನೇಟರಿನ (ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಭಾಗ) ಸದ್ದು ಹಾಡಿನೊಳಗೆ ನುಗ್ಗುತ್ತದೆ. ಅವರು ಬಣ್ಣ ಉಜ್ಜಿ ತೆಗೆದು, ವೈರಿಗೆ ರಿಂಗ್ ಟರ್ಮಿನಲ್ ಹಾಕಿ, ಬರೀ ಲೋಹಕ್ಕೆ ಬೋಲ್ಟ್ ಮಾಡಿದರು. ಸದ್ದು ನಿಂತೇಹೋಯಿತು.

ಬೇಸ್ ಇಲ್ಲದ್ದಕ್ಕೆ ನಾನು ಸ್ಪೀಕರನ್ನೇ ಬೈದುಕೊಂಡಿದ್ದೆ. ಬ್ಯಾಲೆನ್ಸ್ ಪೂರ್ತಿ ಒಂದು ಕಡೆಗೆ ತಿರುಗಿಸಿದರೆ ಬೇಸ್ ತುಂಬಿ ಬರುತ್ತದೆ, ನಡುವಿಗೆ ತಂದರೆ ಸೊರಗುತ್ತದೆ ಅಂದರೆ ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲಾಗಿದೆ ಅಂತ ಅರ್ಥ. ಒಂದು ಮುಂದೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿರುತ್ತದೆ. ಅವರು ಸ್ಪೀಕರ್ ವೈರನ್ನು ಸ್ಟೀರಿಯೊದಿಂದ ಬಿಡಿಸಿ ಒಂದೂವರೆ ವೋಲ್ಟ್ ಸೆಲ್ಲಿಗೆ ಕ್ಷಣಮಾತ್ರ ಮುಟ್ಟಿಸಿದರು. ಬಲಗಡೆಯ ಕೋನ್ ಪಟ್ ಅಂತ ಹೊರಗೆ ಬಂತು, ಎಡಗಡೆಯದು ಒಳಗೆ ಹೋಯಿತು. ಸ್ಟೀರಿಯೊದ ಬಣ್ಣಗಳಿಗೂ ಕಾರಿನ ವೈರ್ ಬಣ್ಣಗಳಿಗೂ ತಾಳೆ ಇರುವುದಿಲ್ಲ, ಹಾಗಾಗಿ ಹೀಗೆ ಮುಟ್ಟಿಸಿ ನೋಡಲೇಬೇಕು.

ಕೊನೆಗೆ ಕಪ್ಲರ್ ಹಾಕಿ ಹಳದಿ ವೈರನ್ನು ಬ್ಯಾಟರಿಗೆ, ಕೆಂಪನ್ನು ಕೀಗೆ ಕೊಟ್ಟರು. ಕಪ್ಲರ್, ಕೂಲಿ ಸೇರಿ 1,800 ರೂಪಾಯಿ ಆಯಿತು. ಸುಮ್ಮನೆ ನೇತಾಡುತ್ತಿದ್ದ ನೀಲಿ ವೈರನ್ನೂ ಆ್ಯಂಟೆನಾ ಬೂಸ್ಟರಿಗೆ ಜೋಡಿಸಿಕೊಟ್ಟರು. ಅಪ್ಪನಿಗೆ 102.9ರ ವಿವಿಧ ಭಾರತಿ ಬೇಕೇ ಬೇಕು. ಮೊದಲು ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟುವಷ್ಟರಲ್ಲಿ ಗರಗರ ಶುರುವಾಗುತ್ತಿತ್ತು, ಈಗ ಬಿಡದಿಯಲ್ಲೂ ಶುದ್ಧವಾಗಿ ಕೇಳುತ್ತದೆ. ಆದರೆ ಡ್ಯಾಶ್‌ಕ್ಯಾಮಿನ ಅಗ್ಗದ ಚಾರ್ಜರ್ ಚುಚ್ಚಿದರೆ ಎಫ್‌ಎಂನಲ್ಲಿ ಹಿಸ್ ಅನ್ನುತ್ತಿತ್ತು, ಅದನ್ನು ಬದಲಾಯಿಸಬೇಕಾಯಿತು.

ಅಲ್ಲಿಂದ ಒಂದು ವರ್ಷ ಏನೂ ತೊಂದರೆಯಿಲ್ಲ. ಬ್ಲೂಟೂತ್ ಕರೆ ಸ್ಪಷ್ಟ, ಹೊರವರ್ತುಲ ರಸ್ತೆಯ ಗದ್ದಲದಲ್ಲೂ ಆ ಕಡೆಯವರಿಗೆ ನನ್ನ ಮಾತು ಕೇಳುತ್ತದೆ. ಮಧ್ಯಾಹ್ನದ ಬಿಸಿಲಿಗೆ ಪರದೆ ಮಂಕು ಅನಿಸುತ್ತದೆ. ರಾತ್ರಿ ಅದಕ್ಕೆ ತದ್ವಿರುದ್ಧ, ಕಣ್ಣು ಕುಕ್ಕುತ್ತದೆ. ಹೆಡ್‌ಲೈಟ್ ಹಾಕಿದಾಗ ಬೆಳಕು ತಗ್ಗಿಸುವ ಕಿತ್ತಳೆ ವೈರ್ ಮಾತ್ರ ಇನ್ನೂ ಜೋಡಣೆಯಾಗಿಲ್ಲ, ಮುಂದಿನ ಭಾನುವಾರ ಆ ಎಲೆಕ್ಟ್ರಿಷಿಯನ್ನೇ ಬರಹೇಳಿದ್ದಾರೆ.