ಸೋಲ್‌ಕ್ಯಾಲಿಬರ್ 4: ಯೋಡಾ ಎದುರು ಆಡೋದು ಹೇಗೆ?

2008ರ ಈ ಫೈಟಿಂಗ್ ಗೇಮ್‌ಗೆ ಸ್ಟಾರ್ ವಾರ್ಸ್‌ನಿಂದ ಬಂದ ಅತಿಥಿಗಳು ಮೂವರು. ಬಿಡುಗಡೆಯಾದಾಗ ಪಿಎಸ್3 (ಪ್ಲೇಸ್ಟೇಷನ್ 3) ಕನ್ಸೋಲ್‌ಗೆ ಡಾರ್ತ್ ವೇಡರ್, ಎಕ್ಸ್‌ಬಾಕ್ಸ್ 360ಗೆ ಯೋಡಾ, ಎರಡಕ್ಕೂ ವೇಡರ್‌ನ ಶಿಷ್ಯ ಅಪ್ರೆಂಟಿಸ್. ಆಟಗಾರರ ತಕರಾರೆಲ್ಲ ಯೋಡಾ ಮೇಲೆ, ಅದು ನ್ಯಾಯವೂ ಹೌದು. ಕುಳ್ಳನಾದ್ದರಿಂದ ಎತ್ತರದ ಏಟುಗಳು ಅವನ ತಲೆಯ ಮೇಲೇ ಹಾದುಹೋಗುತ್ತವೆ. ಎ ಮತ್ತು ಜಿ (ಗಾರ್ಡ್, ಅಂದರೆ ಏಟು ತಡೆಯುವ) ಬಟನ್‌ಗಳನ್ನು ಒಟ್ಟಿಗೆ ಒತ್ತಿ, ಅವನನ್ನು ಹಿಡಿದು ಎಸೆಯೋಣವೆಂದರೆ ಅದೂ ತಾಗದು. ಗಾರ್ಡ್ ಹಾಕಿ ಕೂತವನನ್ನು ಎಬ್ಬಿಸೋ ಮುಖ್ಯ ದಾರಿಯೇ ಮುಚ್ಚಿದ ಹಾಗೆ! ಆದ್ದರಿಂದ ಬಿ ಬಟನ್ನಿನ ಲಂಬ ಏಟು, ಕಾಲಿಗೆ ಬೀಳುವ ಕೆಳ ಏಟುಗಳನ್ನೇ ನಂಬಿ. ಅಂಚಿಗೆ ತಳ್ಳಿ ರಿಂಗ್ ಔಟ್‌ಗೆ (ಕಣದಿಂದ ಹೊರಗೆ ಬೀಳಿಸಿ ಗೆಲ್ಲೋದಕ್ಕೆ) ನೋಡಿ.

ವೇಡರ್ ಆಡುವವರು ಫೋರ್ಸ್ ಮೀಟರ್ (ಅವನ ಫೋರ್ಸ್ ಶಕ್ತಿ ಎಷ್ಟು ಉಳಿದಿದೆ ಎಂದು ತೋರಿಸುವ ಪಟ್ಟಿ) ಮೇಲೆ ಕಣ್ಣಿಡಬೇಕು. ಅದು ಖಾಲಿಯಾದರೆ ಕ್ಷಣಕಾಲ ಸುಸ್ತಾಗಿ ನಿಲ್ಲುತ್ತಾನೆ, ಎದುರಾಳಿಗೆ ಅಷ್ಟೇ ಸಾಕು. ಗೆಳೆಯರ ಜೊತೆ ಆಡಲು ವೇಡರ್ ಚೆನ್ನ. ಯೋಡಾನನ್ನು ಪಂದ್ಯದಿಂದ ಹೊರಗಿಡಿ.